ಸೂಜಿ ಚುಚ್ಚಿತೇ? ಹೆಪಟೈಟಿಸ್-ಬಿ ತಡೆಯಲು ಮೊದಲ 24 ಗಂಟೆ ಮುಖ್ಯ

ಚಳ್ಳಕೆರೆ, ಮೊಳಕಾಲ್ಮುರಿನ ತಾಲ್ಲೂಕು ಆಸ್ಪತ್ರೆ ಇರಲಿ, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವೇ ಇರಲಿ, ಇಂಜೆಕ್ಷನ್ ಕೊಡುವಾಗ, ರಕ್ತ ತೆಗೆಯುವಾಗ, ಹೆರಿಗೆ ಮಾಡಿಸುವಾಗ, ಕಸ ಸಾಗಿಸುವಾಗ ಬಳಸಿದ ಸೂಜಿ ಕೈಗೆ ಚುಚ್ಚಬಹುದು. ಆಗ ಮೊದಲು ಹೆದರಿಕೆ ಹುಟ್ಟಿಸುವುದು ಎಚ್‌ಐವಿ. ಆದರೆ ಅದಕ್ಕಿಂತ ಸುಲಭವಾಗಿ ಹರಡುವುದು ಹೆಪಟೈಟಿಸ್-ಬಿ. ಒಳ್ಳೆಯ ಸುದ್ದಿ ಎಂದರೆ, ಸೂಜಿ ಚುಚ್ಚಿದ ಮೇಲೂ ಇದನ್ನು ತಡೆಯಬಹುದು.

ಅಪಾಯ ಎಷ್ಟು?

ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವುದು ಸರಾಸರಿ 1000 ಮಂದಿಯಲ್ಲಿ 3 ಮಂದಿಗೆ. ಲಸಿಕೆ ಪಡೆಯದವರಲ್ಲಿ ಹೆಪಟೈಟಿಸ್-ಬಿ ತಗಲುವುದು 100ರಲ್ಲಿ 6ರಿಂದ 30 ಮಂದಿಗೆ. ಒಣಗಿದ ರಕ್ತದಲ್ಲೂ ಈ ವೈರಸ್ ಕನಿಷ್ಠ 7 ದಿನ ಉಳಿಯಬಲ್ಲದು. ಸೋಂಕು ದೇಹದಲ್ಲೇ ನೆಲೆಯೂರಿದರೆ ಮುಂದೆ ಲಿವರ್ ಸಿರೋಸಿಸ್, ಕ್ಯಾನ್ಸರ್ ಬರಬಹುದು. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜುಗಳ ಮರುಬಳಕೆಯಿಂದ ಈ ಕಾಯಿಲೆ ಹರಡಿ ಹಲವರು ಸತ್ತರು.

ತಪ್ಪು: ಚುಚ್ಚಿದ ಜಾಗ ಹಿಂಡಿ ರಕ್ತ ತೆಗೆದರೆ ಸಾಕು.
ಸರಿ: ಹಿಂಡಬೇಡಿ, ಬಾಯಿಯಿಂದ ಚೀಪಬೇಡಿ, ಬ್ಲೀಚಿಂಗ್ ದ್ರಾವಣ ಹಾಕಬೇಡಿ. ಸೋಪು, ನೀರಿನಿಂದ ತೊಳೆಯಿರಿ. ಕಣ್ಣಿಗೆ ರಕ್ತ ಸಿಡಿದಿದ್ದರೆ ಶುದ್ಧ ನೀರಿನಿಂದ ಚೆನ್ನಾಗಿ ತೊಳೆಯಿರಿ.

ತಪ್ಪು: ಕಣ್ಣು ಹಳದಿಯಾದರೆ ಆಮೇಲೆ ನೋಡೋಣ.
ಸರಿ: ಲಕ್ಷಣ ಕಾಣಲು ಒಂದೂವರೆಯಿಂದ ಆರು ತಿಂಗಳು ಬೇಕು. ಅನೇಕರಿಗೆ ಕಾಮಾಲೆ ಕಾಣಿಸಿಕೊಳ್ಳುವುದೇ ಇಲ್ಲ. ಅಷ್ಟರಲ್ಲಿ ತಡೆಯುವ ಹೊತ್ತು ಮೀರಿರುತ್ತದೆ.

ತಪ್ಪು: ನೆಲನೆಲ್ಲಿ ರಸ ಕುಡಿದರೆ ವೈರಸ್ ಬರುವುದಿಲ್ಲ.
ಸರಿ: 1988ರಲ್ಲಿ ನೆಲನೆಲ್ಲಿಯ ಬಗ್ಗೆ ಭರವಸೆ ಮೂಡಿಸಿದ ಒಂದು ಅಧ್ಯಯನ ಪ್ರಕಟವಾಗಿತ್ತು. ಈ ವೈರಸ್ ಪತ್ತೆಹಚ್ಚಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಅದರ ಲೇಖಕರಲ್ಲಿ ಒಬ್ಬರು. ಆದರೆ ಮುಂದಿನ ಪರೀಕ್ಷೆಗಳಲ್ಲಿ ಆ ಫಲಿತಾಂಶ ಖಚಿತವಾಗಲಿಲ್ಲ. ಸೂಜಿ ಚುಚ್ಚಿದ ಮೇಲೆ ರಸ ನಂಬಿ ಕೂತರೆ ಕಳೆದುಕೊಳ್ಳುವುದು ಸಮಯವನ್ನು.

ತಪ್ಪು: ಚಿಕ್ಕಂದಿನಲ್ಲೇ ಎಲ್ಲ ಲಸಿಕೆ ಆಗಿದೆ.
ಸರಿ: ಮಕ್ಕಳ ಉಚಿತ ಲಸಿಕೆ ಪಟ್ಟಿಗೆ ಹೆಪಟೈಟಿಸ್-ಬಿ ದೇಶದಾದ್ಯಂತ ಸೇರಿದ್ದು 2011ರಲ್ಲಿ. ಇಂದಿನ ನರ್ಸ್, ಲ್ಯಾಬ್ ಸಿಬ್ಬಂದಿ ಹುಟ್ಟಿದ್ದು ಅದಕ್ಕೂ ಮೊದಲು. ದಾಖಲೆ ಇಲ್ಲದಿದ್ದರೆ ಲಸಿಕೆ ಆಗಿಲ್ಲ ಎಂದೇ ತಿಳಿಯಿರಿ.

ತೊಳೆದ ಮೇಲೆ ಏನು ಮಾಡಬೇಕು?

ತಕ್ಷಣ ಮೇಲಧಿಕಾರಿಗೆ ತಿಳಿಸಿ, ದಾಖಲಿಸಿ. ರೋಗಿಯ ಒಪ್ಪಿಗೆ ಪಡೆದು ಅವರ ರಕ್ತ ಪರೀಕ್ಷೆ ಮಾಡಿಸಿ. ಮುಂದಿನದು ನಿಮ್ಮ ಲಸಿಕೆಯ ಸ್ಥಿತಿಯ ಮೇಲೆ ನಿಂತಿದೆ.

• ಮೂರು ಡೋಸ್ ಆಗಿ, ನಂತರದ ಪರೀಕ್ಷೆಯಲ್ಲಿ ಪ್ರತಿಕಾಯ 10 ಅಥವಾ ಹೆಚ್ಚು ಬಂದಿದ್ದರೆ ಹೆಪಟೈಟಿಸ್-ಬಿಗೆ ಬೇರೆ ಚಿಕಿತ್ಸೆ ಬೇಡ.
• ಲಸಿಕೆ ಆಗಿದ್ದು ಪರೀಕ್ಷೆ ಆಗಿಲ್ಲದಿದ್ದರೆ ಈಗಲೇ ಪ್ರತಿಕಾಯ ಪರೀಕ್ಷೆ ಮಾಡಿಸಿ.
• ಲಸಿಕೆಯೇ ಆಗಿಲ್ಲ, ರೋಗಿಗೆ ಸೋಂಕಿದೆ ಅಥವಾ ಇದೆಯೋ ಇಲ್ಲವೋ ಗೊತ್ತಿಲ್ಲ ಎಂದಾದರೆ ಎರಡು ಇಂಜೆಕ್ಷನ್ ಬೇಕು: ಒಂದು ಇಮ್ಯುನೋಗ್ಲೋಬ್ಯುಲಿನ್, ಇನ್ನೊಂದು ಲಸಿಕೆಯ ಮೊದಲ ಡೋಸ್. ಎರಡನ್ನೂ ಬೇರೆ ಬೇರೆ ಜಾಗಕ್ಕೆ ಕೊಡುತ್ತಾರೆ.

ಎರಡೂ ಯಾಕೆ? ಲಸಿಕೆ ದೇಹಕ್ಕೆ ಪ್ರತಿಕಾಯ ತಯಾರಿಸಲು ಕಲಿಸುತ್ತದೆ, ಅದಕ್ಕೆ ವಾರಗಳು ಬೇಕು. ಇಮ್ಯುನೋಗ್ಲೋಬ್ಯುಲಿನ್ ಸಿದ್ಧ ಪ್ರತಿಕಾಯವನ್ನೇ ಕೊಡುತ್ತದೆ, ಆದರೆ ಅದು ಕೆಲವು ತಿಂಗಳಲ್ಲಿ ಕರಗುತ್ತದೆ. ಒಂದು ಕೈಸಾಲ, ಇನ್ನೊಂದು ಸ್ವಂತ ದುಡಿಮೆ. 24 ಗಂಟೆಯೊಳಗೆ ಪಡೆದರೆ ಉತ್ತಮ. ಸೂಜಿ ಚುಚ್ಚಿದ 7 ದಿನ ದಾಟಿದರೆ ಇಮ್ಯುನೋಗ್ಲೋಬ್ಯುಲಿನ್‌ನಿಂದ ಪ್ರಯೋಜನ ಅನುಮಾನ. ಉಳಿದ ಡೋಸ್‌ಗಳನ್ನು 1 ಮತ್ತು 6ನೇ ತಿಂಗಳಿಗೆ ತಪ್ಪದೆ ಪಡೆಯಿರಿ. ಎಚ್‌ಐವಿ ತಡೆಯುವ ಮಾತ್ರೆ ಬೇರೆ, ಅದನ್ನು 72 ಗಂಟೆಯೊಳಗೆ ಶುರು ಮಾಡಬೇಕು.

ಇಮ್ಯುನೋಗ್ಲೋಬ್ಯುಲಿನ್ ಎಲ್ಲ ಕಡೆ ದಾಸ್ತಾನು ಇರುವುದಿಲ್ಲ. ಚಳ್ಳಕೆರೆಯವರಿಗೆ ಚಿತ್ರದುರ್ಗದ ಜಿಲ್ಲಾಸ್ಪತ್ರೆ, ಮೊಳಕಾಲ್ಮುರಿನವರಿಗೆ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರ. ಸೂಜಿ ಚುಚ್ಚುವ ಮೊದಲೇ, ಎಲ್ಲಿ ಸಿಗುತ್ತದೆ ಎಂದು ಕೇಳಿಟ್ಟುಕೊಳ್ಳಿ.

ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ, ನೇರ ಬಿಳಿ ಡಬ್ಬಿಗೆ ಹಾಕಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ, ತ್ಯಾಜ್ಯ ಮುಟ್ಟುವ ಸಿಬ್ಬಂದಿಗೆ ಹೆಪಟೈಟಿಸ್-ಬಿ ಲಸಿಕೆ ಕೊಡಿಸುವುದು ಆಸ್ಪತ್ರೆಯ ಹೊಣೆ. ಆಯಾ, ಕಸ ಸಾಗಿಸುವವರು ಎಲ್ಲರೂ ಇದರಲ್ಲಿ ಸೇರುತ್ತಾರೆ. ನಿಮ್ಮ ಮನೆಯಲ್ಲಿ, ಗ್ರೂಪಿನಲ್ಲಿ ಇಂಥ ಕೆಲಸದವರು ಇದ್ದರೆ ಒಂದೇ ಪ್ರಶ್ನೆ ಕೇಳಿ: ಮೂರೂ ಡೋಸ್ ಆಗಿದೆಯಾ?