715ನೆಯ ಹೊಡೆತ

ಕಪಿಲ್ ದೇವ್ 1994ರ ಫೆಬ್ರುವರಿ 8ರಂದು ಅಹಮದಾಬಾದಿನಲ್ಲಿ 432ನೆಯ ಟೆಸ್ಟ್ ವಿಕೆಟ್ ಪಡೆದು ರಿಚರ್ಡ್ ಹ್ಯಾಡ್ಲಿಯವರ ದಾಖಲೆ ಮುರಿದಾಗ ಮೈದಾನದಿಂದ ಬಲೂನುಗಳು ಹಾರಿದವು. ಹ್ಯಾಡ್ಲಿ ಅಭಿಮಾನಿಗಳಿಗೆ ಒಂದಿಷ್ಟು ಬೇಸರವಾಗಿದ್ದೀತು, ಅಷ್ಟೆ. ಅದಕ್ಕೆ ಇಪ್ಪತ್ತು ವರ್ಷ ಮೊದಲು ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರನೊಬ್ಬ ಇಂಥದೇ ಒಂದು ದಾಖಲೆಯ ಹತ್ತಿರ ಬಂದಾಗ, ಅವನ ಊರಿನ ಪತ್ರಿಕೆ ಅವನ ಮರಣವಾರ್ತೆಯನ್ನು ಮೊದಲೇ ಬರೆಸಿಟ್ಟುಕೊಂಡಿತ್ತು. ದಾಖಲೆ ಮುರಿಯುವ ಮುನ್ನವೇ ಯಾರಾದರೂ ಅವನನ್ನು ಕೊಂದುಬಿಟ್ಟರೆ ಎಂಬ ಅಂಜಿಕೆಯಿಂದ.

ಆಟಗಾರನ ಹೆಸರು ಹ್ಯಾಂಕ್ ಆರನ್. ಊರು ಅಟ್ಲಾಂಟಾ. ಅವರು ಮಾಡಿದ ತಪ್ಪು ಎರಡು: ಕರಿಯರಾಗಿ ಹುಟ್ಟಿದ್ದು ಮತ್ತು ಬೇಬ್ ರೂತ್ ಎಂಬ ಬಿಳಿಯ ಆಟಗಾರನ ಲೆಕ್ಕವನ್ನು ದಾಟಲು ಹೊರಟದ್ದು.

ಬೇಸ್‌ಬಾಲ್‌ನ ಹೋಮ್ ರನ್ ನಮ್ಮ ಕ್ರಿಕೆಟ್ಟಿನ ಸಿಕ್ಸರಿನ ದಾಯಾದಿ. ಚೆಂಡು ಬೇಲಿಯಾಚೆ ಹೋಗಿ ಬಿದ್ದರಾಯಿತು. ಒಂದೇ ವ್ಯತ್ಯಾಸವೆಂದರೆ, ಸಿಕ್ಸರ್ ಹೊಡೆದವನು ನಿಂತಲ್ಲೇ ನಿಲ್ಲಬಹುದು. ಹೋಮ್ ರನ್ ಹೊಡೆದವನು ಮೈದಾನದ ನಾಲ್ಕು ಮೂಲೆಗಳನ್ನೂ ಮುಟ್ಟಿ ಒಂದು ಸುತ್ತು ಓಡಿ ಬರಲೇಬೇಕು. ಈ ಸುತ್ತನ್ನು ಓದುಗರು ನೆನಪಿನಲ್ಲಿಡಬೇಕು. ಸಾವಿರಾರು ಕಣ್ಣುಗಳ ನಡುವೆ ಒಬ್ಬನೇ ಓಡುವವನನ್ನು ಕೊಲ್ಲುವುದಾಗಿ ಬರೆದವರಿದ್ದರು.

ರೂತ್ 1935ರಲ್ಲಿ ತಮ್ಮ ಕೊನೆಯ ಹೋಮ್ ರನ್ ಹೊಡೆದಾಗ ಲೆಕ್ಕ 714ಕ್ಕೆ ನಿಂತಿತು. ಆಗ ದೊಡ್ಡ ಲೀಗುಗಳಲ್ಲಿ ಕರಿಯರಿಗೆ ಪ್ರವೇಶವೇ ಇರಲಿಲ್ಲ. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡಕ್ಕೆ ಆಡಿದ ಮೇಲಷ್ಟೇ ಆ ಬಾಗಿಲು ತೆರೆಯಿತು. ಅಲಬಾಮಾದ ಮೊಬೀಲ್ ಪಟ್ಟಣದಲ್ಲಿ 1934ರಲ್ಲಿ ಹುಟ್ಟಿದ ಆರನ್‌ಗೆ ಆಗ ಹದಿಮೂರು ವರ್ಷ. ಬಾಟಲಿ ಮುಚ್ಚಳಗಳನ್ನು ಕೋಲಿನಿಂದ ಹೊಡೆದು ಆಟ ಕಲಿತ ಹುಡುಗ ಅವರು. ಮರುವರ್ಷ ರಾಬಿನ್ಸನ್ ಆ ಊರಿಗೆ ಬಂದಾಗ ಶಾಲೆ ತಪ್ಪಿಸಿ ಭಾಷಣ ಕೇಳಲು ಹೋಗಿದ್ದರು.

1952ರಲ್ಲಿ ಆರನ್ ಕರಿಯರ ಲೀಗಿನ ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡ ಸೇರಿದರು. ಒಮ್ಮೆ ವಾಷಿಂಗ್ಟನ್‌ನಲ್ಲಿ ಮಳೆ ಬಂದು ಆಟ ನಿಂತಾಗ ತಂಡದವರು ಹೋಟೆಲೊಂದರಲ್ಲಿ ತಿಂಡಿಗೆ ಕುಳಿತರು. ತಿಂದು ಮುಗಿಸಿದ ಬಳಿಕ ಅಡುಗೆಮನೆಯಿಂದ ತಟ್ಟೆಗಳನ್ನು ಒಡೆಯುವ ಸದ್ದು ಕೇಳಿಸಿತು. ಕರಿಯರು ಉಂಡ ತಟ್ಟೆಯಲ್ಲಿ ಇನ್ನೊಬ್ಬರು ಉಣ್ಣಬಾರದಲ್ಲ! ಹೋಟೆಲುಗಳಲ್ಲಿ ಬೇರೆ ಲೋಟ ಇಟ್ಟಿದ್ದನ್ನು ಕಂಡಿರುವ ನಮ್ಮ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1954ರಲ್ಲಿ ಮಿಲ್ವಾಕಿ ಬ್ರೇವ್ಸ್ ಪರವಾಗಿ ದೊಡ್ಡ ಲೀಗಿಗೆ ಬಂದ ಆರನ್ ಸದ್ದುಗದ್ದಲದ ಆಟಗಾರರಲ್ಲ. ಒಂದೇ ಋತುವಿನಲ್ಲಿ 50 ಹೋಮ್ ರನ್ ಅವರು ಎಂದೂ ಹೊಡೆಯಲಿಲ್ಲ. ವರ್ಷಕ್ಕೆ ಮೂವತ್ತು, ನಲವತ್ತು ಎಂದು ಕೂಡಿಡುತ್ತಾ ಹೋದರು. 1966ರಲ್ಲಿ ತಂಡ ಅಟ್ಲಾಂಟಾಕ್ಕೆ ವಲಸೆ ಹೋಯಿತು. 1973ರ ಋತು ಮುಗಿದಾಗ ಅವರ ಲೆಕ್ಕ 713. ಇನ್ನು ಒಂದು ಹೊಡೆದರೆ ಸರಿಸಮ, ಎರಡು ಹೊಡೆದರೆ ದಾಖಲೆ. ನಡುವೆ ಇಡೀ ಚಳಿಗಾಲ.

ಆ ವರ್ಷ ಆರನ್‌ಗೆ ಬಂದ ಪತ್ರಗಳು ಸುಮಾರು 9 ಲಕ್ಷ 30 ಸಾವಿರ. ರಾಜಕಾರಣಿಗಳನ್ನು ಬಿಟ್ಟರೆ ಅಷ್ಟು ಟಪಾಲು ಬೇರೆ ಯಾರಿಗೂ ಬಂದಿರಲಿಲ್ಲ. ಶುಭ ಹಾರೈಸಿದವರು ಬಹಳ ಮಂದಿ. ಆದರೆ ಬೈಗುಳದ ಪತ್ರಗಳೂ ರಾಶಿ ರಾಶಿ ಇದ್ದವು. ಕೆಲವರು ಯಾವ ಊರಿನ ಪಂದ್ಯದಲ್ಲಿ ಗುಂಡು ಹಾರಿಸುತ್ತೇವೆಂದೂ ಬರೆದಿದ್ದರು. ನ್ಯಾಶ್‌ವಿಲ್‌ನಲ್ಲಿ ಓದುತ್ತಿದ್ದ ಮಗಳನ್ನು ಅಪಹರಿಸುವ ಬೆದರಿಕೆಯೂ ಬಂತು. ಬೆದರಿಕೆ ಪತ್ರಗಳು ಎಫ್‌ಬಿಐಗೆ ಹೋದವು. ಆರನ್ ತಂಡದವರ ಜೊತೆಗಿರದೆ ಬೇರೆ ಕಡೆ ಉಳಿಯಬೇಕಾಯಿತು. ವ್ಯಂಗ್ಯಚಿತ್ರಕಾರ ಚಾರ್ಲ್ಸ್ ಶುಲ್ಜ್ ತಮ್ಮ ನಾಯಿ ಸ್ನೂಪಿ ರೂತ್ ದಾಖಲೆಯ ಹತ್ತಿರ ಬಂದಂತೆ, ಅದಕ್ಕೂ ದ್ವೇಷದ ಪತ್ರಗಳು ಬಂದಂತೆ ಚಿತ್ರಿಸಿ ಚುಚ್ಚಿದರು.

ರೂತ್‌ಗಿಂತ ಆರನ್ ಎಷ್ಟೋ ಹೆಚ್ಚು ಸಲ ಬ್ಯಾಟ್ ಹಿಡಿದಿದ್ದರು ಎಂಬುದು ಟೀಕಾಕಾರರ ವಾದ. ಅದು ಸುಳ್ಳೇನಲ್ಲ. ಆದರೆ ರೂತ್ ತಮ್ಮ 714 ಹೊಡೆತಗಳಲ್ಲಿ ಒಂದನ್ನೂ ಕರಿಯ ಪಿಚರ್‌ನ ಎಸೆತಕ್ಕೆ ಹೊಡೆಯಬೇಕಾಗಿ ಬಂದಿರಲಿಲ್ಲ. ಆ ಲೆಕ್ಕವನ್ನು ಯಾರೂ ಎತ್ತಲಿಲ್ಲ.

1974ರ ಏಪ್ರಿಲ್ 4. ಸಿನ್ಸಿನಾಟಿಯಲ್ಲಿ ಋತುವಿನ ಮೊದಲ ಪಂದ್ಯ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಗಿ ಅಂದಿಗೆ ಸರಿಯಾಗಿ ಆರು ವರ್ಷ. ಕಿಂಗ್ ಸ್ಮರಣೆಗೆ ಒಂದು ಕ್ಷಣ ಮೌನ ಆಚರಿಸಬೇಕೆಂದು ಆರನ್ ಕೇಳಿಕೊಂಡರು, ಅದು ನಡೆಯಲಿಲ್ಲ. ಆದರೆ ಅವರು ಆ ದಿನ ಮೊದಲ ಸಲ ಬ್ಯಾಟ್ ಬೀಸಿದ್ದೇ 714ನೆಯ ಹೋಮ್ ರನ್ ಆಯಿತು.

ನಾಲ್ಕು ದಿನಗಳ ನಂತರ, ಏಪ್ರಿಲ್ 8ರ ರಾತ್ರಿ, ಅಟ್ಲಾಂಟಾದಲ್ಲಿ 53,775 ಜನ ಸೇರಿದ್ದರು. ಬೇಸ್‌ಬಾಲ್ ಕಮಿಷನರ್ ಬೋವಿ ಕೂನ್ ಮಾತ್ರ ಬಂದಿರಲಿಲ್ಲ. ಅವರಿಗೆ ಕ್ಲೀವ್‌ಲ್ಯಾಂಡಿನಲ್ಲಿ ಬೇರೆ ಕೆಲಸವಿತ್ತು. ನಾಲ್ಕನೆಯ ಇನ್ನಿಂಗ್ಸ್‌ನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಅಲ್ ಡೌನಿಂಗ್ ಎಸೆದ ಚೆಂಡನ್ನು ಆರನ್ ಎಡಭಾಗದ ಬೇಲಿಯಾಚೆ ಕಳಿಸಿದರು. ಡೌನಿಂಗ್ ಕೂಡ ಕರಿಯರೇ. 39 ವರ್ಷ ಅಲುಗದೆ ನಿಂತಿದ್ದ ದಾಖಲೆ ಮುರಿಯಿತು.

ಈಗ ಆ ಒಂದು ಸುತ್ತು. ಆರನ್ ಎರಡನೆಯ ಮೂಲೆ ದಾಟುತ್ತಿದ್ದಂತೆ ಹದಿನೇಳು ವರ್ಷದ ಇಬ್ಬರು ಬಿಳಿಯ ಹುಡುಗರು ಎಲ್ಲಿಂದಲೋ ನುಗ್ಗಿ ಅವರ ಅಕ್ಕಪಕ್ಕ ಓಡತೊಡಗಿದರು. ಪ್ರೇಕ್ಷಕರ ನಡುವೆ ಕುಳಿತಿದ್ದ ಆರನ್‌ರ ಅಂಗರಕ್ಷಕ ಪೊಲೀಸನ ಬಳಿ ದುರ್ಬೀನಿನ ಪೆಟ್ಟಿಗೆಯಲ್ಲಿ ಪಿಸ್ತೂಲಿತ್ತು. ಅವನು ಅದನ್ನು ಹೊರತೆಗೆಯಲಿಲ್ಲ. ಹುಡುಗರು ಬೆನ್ನು ತಟ್ಟಿ ಸರಿದುಹೋದರು. ಸುತ್ತು ಮುಗಿದಲ್ಲಿ ತಾಯಿ ಎಸ್ಟೆಲಾ ಬಂದು ಮಗನನ್ನು ಬಿಗಿಯಾಗಿ ಅಪ್ಪಿಕೊಂಡರು. ಮೈಕಿನ ಮುಂದೆ ನಿಂತ ಆರನ್, ಇದು ಮುಗಿಯಿತಲ್ಲ, ದೇವರು ದೊಡ್ಡವನು ಎಂಬರ್ಥದ ಮಾತಾಡಿದರು. ಗೆದ್ದವರು ಹೀಗೆ ಹೇಳುವುದು ಅಪರೂಪ.

1976ರಲ್ಲಿ ನಿವೃತ್ತರಾಗುವಾಗ ಅವರ ಲೆಕ್ಕ 755. ಅಷ್ಟೂ ಹೋಮ್ ರನ್‌ಗಳನ್ನು ಕಳೆದರೂ ಅವರ ಯಶಸ್ವಿ ಹೊಡೆತಗಳು 3,000ಕ್ಕೂ ಹೆಚ್ಚು ಉಳಿಯುತ್ತವೆ. 2007ರ ಆಗಸ್ಟ್ 7ರಂದು ಬ್ಯಾರಿ ಬಾಂಡ್ಸ್ 756ನೆಯದನ್ನು ಹೊಡೆದರು. ಬಾಂಡ್ಸ್ ಉದ್ದೀಪನ ಮದ್ದು ಸೇವಿಸಿದ್ದರೆಂಬ ಆರೋಪದಿಂದಾಗಿ ಆರನ್‌ರನ್ನೇ ನಿಜವಾದ ದಾಖಲೆಯ ಒಡೆಯ ಎನ್ನುವವರು ಇಂದಿಗೂ ಇದ್ದಾರೆ. ಆರನ್ ಆ ಜಗಳಕ್ಕೆ ಹೋಗಲಿಲ್ಲ. ಮೈದಾನದ ದೊಡ್ಡ ಪರದೆಯ ಮೇಲೆ ಅಂದೇ ಅವರ ಅಭಿನಂದನೆ ಮೂಡಿತು.

ಅಟ್ಲಾಂಟಾದ ಆ ಕ್ರೀಡಾಂಗಣವನ್ನು 1997ರಲ್ಲಿ ಕೆಡವಿದರು; ಚೆಂಡು ಬಿದ್ದ ಜಾಗಕ್ಕೆ ಮಾತ್ರ ಗುರುತು ಇಟ್ಟರು. ಆರನ್ ತೀರಿಕೊಂಡದ್ದು 2021ರ ಜನವರಿ 22ರಂದು, 86ನೆಯ ವಯಸ್ಸಿನಲ್ಲಿ. ಬೈಗುಳದ ಪತ್ರಗಳನ್ನು ಅವರು ಸುಟ್ಟಿರಲಿಲ್ಲ. ದಾಖಲೆಗೆ ನಲವತ್ತು ವರ್ಷ ತುಂಬಿದ 2014ರಲ್ಲೂ ಅವು ಅವರ ಬಳಿಯೇ ಇದ್ದವು.