ಇಲ್ಲದ ಹುಳು

ಕೋಲಾರದ ಚಿನ್ನದ ಗಣಿಯಿಂದ ಬಂಗಾರಪೇಟೆಯವರೆಗೆ ಮೂರು ನುಡಿಗಳು ನೆರೆಹೊರೆಯಾಗಿ ಬಾಳುತ್ತವೆ. ತಲೆಯಲ್ಲಿ ನಾಣ್ಯದಗಲ ಕೂದಲುದುರಿ ನುಣುಪಾದರೆ ತಮಿಳರು ‘ಪುಳುವೆಟ್ಟು’ ಎನ್ನುವರು, ತೆಲುಗರು ‘ಪೇನುಕೊರುಕುಡು’ ಎನ್ನುವರು. ‘ಹುಳು ತಿಂದಿದೆ’ ಎಂಬುದು ನಮ್ಮ ಮಾತು. ವಾಸ್ತವದಲ್ಲಿ ಹುಳುವೂ ಇಲ್ಲ, ಹೇನೂ ಇಲ್ಲ. ನಮ್ಮನ್ನು ಕಾಯಬೇಕಾದ ಬಿಳಿರಕ್ತಕಣಗಳೇ ಕೂದಲ ಬುಡದ ಮೇಲೆರಗುತ್ತವೆ. ಆದ್ದರಿಂದ ಇದು ಅಂಟುರೋಗವಲ್ಲ. ಬಾಚಣಿಗೆಯನ್ನು ಬೇರೆ ಇಡಬೇಕಾಗಿಲ್ಲ.

ಬುಡ ಸಾಯದಿರುವುದರಿಂದ, ಒಂದೆರಡೇ ಕಲೆಗಳಿದ್ದಾಗ ಅನೇಕರಿಗೆ ವರ್ಷದೊಳಗೆ ಕೂದಲು ತಾನಾಗಿ ಮೂಡುತ್ತದೆ. ಕಾಯಲಾರದವರಿಗೆ ಚರ್ಮವೈದ್ಯರು ಕಲೆಯೊಳಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ನೋವುಂಟು, ಚರ್ಮ ಕುಳಿಬೀಳುವುದೂ ಉಂಟು. ತಲೆಯ ಬಹುಭಾಗ ಬರಿದಾದವರಿಗಾಗಿ 2022ರಲ್ಲಿ ಅಮೆರಿಕ ಒಪ್ಪಿದ ಬ್ಯಾರಿಸಿಟಿನಿಬ್ ಮಾತ್ರೆ ಸೋಂಕಿಗೆ ದಾರಿಮಾಡಬಹುದು; ನಿಲ್ಲಿಸಿದರೆ ಕೂದಲು ಮತ್ತೆ ಉದುರಬಹುದು. ಹೀಗಿರುವಲ್ಲಿ, ವೈದ್ಯರಿಗೆ ತೋರಿಸಿ ಸುಮ್ಮನೆ ಕಾಯುವುದೂ ಒಂದು ಚಿಕಿತ್ಸೆಯೇ. ಇಲ್ಲದ ಹುಳುವನ್ನು ಕೊಲ್ಲಲು ಉರಿಮದ್ದು ತಿಕ್ಕಿ ಚರ್ಮ ಸುಟ್ಟುಕೊಳ್ಳುವುದು ಮಾತ್ರ ಬೇಡ.