ಮನೆಮಂದಿಗೆಲ್ಲ ಒಂದೇ ಪಾತ್ರೆಯ ಊಟ

‘ಕ್ಯಾಸರೋಲ್’ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ ಹೇಳಿ? ಚಪಾತಿಯ ಬಿಸಿ ಆರದಂತೆ ಇಡುವ ಡಬ್ಬಿ ತಾನೆ? ಮದುವೆಯ ಉಡುಗೊರೆಯಾಗಿ ಒಂದಕ್ಕೆ ಮೂರು ಬಂದು, ಎರಡು ಅಟ್ಟ ಸೇರಿರುವ ಅದೇ ಡಬ್ಬಿ! ಆದರೆ ಪಾಶ್ಚಾತ್ಯ ದೇಶಗಳಲ್ಲಿ ಈ ಹೆಸರಿಗೆ ಬೇರೆಯೇ ಅರ್ಥ. ಮುಚ್ಚಳವಿರುವ ದಪ್ಪ ಪಾತ್ರೆಗೂ ಅದೇ ಹೆಸರು. ಮಾಂಸ, ಆಲೂಗಡ್ಡೆ, ಈರುಳ್ಳಿ ಎಲ್ಲವನ್ನೂ ಆ ಪಾತ್ರೆಯೊಳಗೇ ಹಾಕಿ, ಅವನ್‌ನಲ್ಲಿ ನಿಧಾನವಾಗಿ ಬೇಯಿಸಿದ ಅಡುಗೆಗೂ ಅದೇ ಹೆಸರು. ಈ ಸಲ ಅಂಥದೊಂದು ಅಡುಗೆಯನ್ನು ನಿಮಗೆ ಹೇಳಿಕೊಡುತ್ತೇನೆ. ಅದರ ಹೆಸರು ಲ್ಯಾಂಕಾಷೈರ್ ಹಾಟ್‌ಪಾಟ್.

ಅಷ್ಟು ದೂರದ ಅಡುಗೆ ನಮಗೇಕಪ್ಪಾ ಅಂತೀರಾ? ಕಾರಣವಿದೆ.

ನನ್ನ ತಾಯಿ ಎಲ್ಲರ ಜೊತೆ ಕೂತು ಉಂಡದ್ದನ್ನು ನಾನು ನೋಡಿದ್ದೇ ಅಪರೂಪ. ಅಪ್ಪನಿಗೆ ಬಿಸಿ ರೊಟ್ಟಿ, ಮಕ್ಕಳಿಗೆ ಬಿಸಿ ದೋಸೆ ಹಾಕುತ್ತ ಒಲೆಯ ಮುಂದೆಯೇ ನಿಂತಿರುತ್ತಿದ್ದರು. ಕರೆದರೆ “ನೀವು ಉಣ್ಣಿ, ನಂದು ಆಮೇಲೆ” ಎನ್ನುವುದೊಂದೇ ಮಾತು. ಎಲ್ಲರದೂ ಆದ ಮೇಲೆ ಆರಿದ ಅನ್ನ, ತಳ ಕಂಡ ಸಾರು. ಮದುವೆಯಾಗಿ ಕೆಲಸಕ್ಕೆ ಹೋಗತೊಡಗಿದ ಮೇಲೆ ನಾನೂ ಮಾಡಿದ್ದು ಅದನ್ನೇ. ಸಂಜೆ ಬಸ್ಸಿಳಿದು ಬಂದವಳು ಸೀರೆಯ ಸೆರಗು ಸಿಕ್ಕಿಸಿಕೊಂಡು ಒಲೆ ಹೊತ್ತಿಸಿದರೆ, ರಾತ್ರಿ ಒಂಬತ್ತೂವರೆಗೆ ನನ್ನ ತಟ್ಟೆ. ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಹೀಗೇ ಇಲ್ಲ?

ಹೊರಗೆ ದುಡಿಯುವ ಹೆಂಗಸರ ಮನೆಗಳಲ್ಲಿ ಬೆಳೆದ ಅಡುಗೆಯೇ ಈ ಹಾಟ್‌ಪಾಟ್. ಲ್ಯಾಂಕಾಷೈರ್ ಎಂದರೆ ಇಂಗ್ಲೆಂಡಿನ ವಾಯವ್ಯ ಭಾಗ. ನಮ್ಮ ಹಿರಿಯರಿಗೆ ಆ ಹೆಸರು ಕೇಳಿದರೆ ನೆನಪಾಗುತ್ತಿದ್ದುದು ಬಟ್ಟೆ. ನಮ್ಮ ಕೈಮಗ್ಗಗಳಿಗೆ ಕುತ್ತು ತಂದ ಗಿರಣಿ ಬಟ್ಟೆ. 1931ರ ಸೆಪ್ಟೆಂಬರಿನಲ್ಲಿ ದುಂಡುಮೇಜಿನ ಪರಿಷತ್ತಿಗೆಂದು ಹೋಗಿದ್ದ ಗಾಂಧೀಜಿ ಅಲ್ಲಿನ ಡಾರ್ವೆನ್ ಎಂಬ ಊರಿಗೂ ಹೋದರು. ವಿದೇಶಿ ಬಟ್ಟೆಯ ಬಹಿಷ್ಕಾರದ ಬಿಸಿ ತಟ್ಟಿದ್ದರೂ ಅಲ್ಲಿಯ ಕಾರ್ಮಿಕರು ಅವರನ್ನು ಆದರದಿಂದಲೇ ಬರಮಾಡಿಕೊಂಡರು. ಗಿರಣಿಯ ಹೆಣ್ಣುಮಕ್ಕಳು ಗಾಂಧೀಜಿಯ ಸುತ್ತ ನಗುತ್ತ ನಿಂತಿರುವ ಚಿತ್ರವನ್ನು ನೀವೂ ನೋಡಿರಬಹುದು. 

ಬೆಳಗ್ಗೆ ಗಿರಣಿ ಸೇರಿದರೆ ಸಂಜೆಯವರೆಗೆ ಬಿಡುವಿಲ್ಲದ ಅಂಥ ಹೆಂಗಸರು ಮಧ್ಯೆ ಮಧ್ಯೆ ಬಂದು ಸಾರು ಕದಡುವುದು ಎಲ್ಲಿ ಸಾಧ್ಯ? ಹೊರಡುವ ಮುಂಚೆ ಮಣ್ಣಿನ ಆಳವಾದ ಪಾತ್ರೆಯಲ್ಲಿ ಕುರಿಮಾಂಸ, ಈರುಳ್ಳಿ, ಆಲೂಗಡ್ಡೆ ಜೋಡಿಸಿ ಸಣ್ಣ ಕಾವಿಗೆ ಬಿಟ್ಟುಹೋಗುತ್ತಿದ್ದರಂತೆ. ಮನೆಯಲ್ಲಿ ಒಲೆಯ ಅನುಕೂಲವಿಲ್ಲದವರು ಬೇಕರಿಯ ಒಲೆಗೆ ಕೊಡುತ್ತಿದ್ದರೆಂದೂ ಹೇಳುತ್ತಾರೆ. ಮನೆಗೆ ಬರುವ ಹೊತ್ತಿಗೆ ಊಟ ಸಿದ್ಧ. 1960ರಲ್ಲಿ ಆರಂಭವಾದ ‘ಕೊರೊನೇಷನ್ ಸ್ಟ್ರೀಟ್’ ಎಂಬ ಟೆಲಿವಿಷನ್ ಧಾರಾವಾಹಿಯಲ್ಲೂ ಈ ಅಡುಗೆಗೆ ಜಾಗ ಸಿಕ್ಕಿತು.

ಇದರ ಗುಟ್ಟು ಇಷ್ಟೇ: ಇದಕ್ಕೆ ಎಳೆಯ, ದುಬಾರಿ ಮಾಂಸ ಬೇಡ. ಕತ್ತು, ಭುಜ, ಕಾಲಿನ ಭಾಗಗಳಲ್ಲಿ ಗಟ್ಟಿ ನಾರು ಹೆಚ್ಚು. ಜೋರು ಉರಿಯಲ್ಲಿ ಅವಸರ ಮಾಡಿದರೆ ಅದು ರಬ್ಬರಿನಂತಾಗುತ್ತದೆ. ನೀರಿನ ಪಸೆಯಲ್ಲಿ, ಸಣ್ಣ ಕಾವಿನಲ್ಲಿ ಎರಡು ಮೂರು ಗಂಟೆ ಬಿಟ್ಟರೆ ಆ ನಾರೇ ಕರಗಿ ಜೆಲಟಿನ್ ಆಗಿ, ಸಾರಿಗೆ ಮಂದತನವನ್ನೂ ರುಚಿಯನ್ನೂ ಕೊಡುತ್ತದೆ.

ಬೇಕಾಗುವ ಸಾಮಗ್ರಿ (5 ಜನರಿಗೆ)

ಮೂಳೆಸಹಿತ ಕುರಿ ಅಥವಾ ಮೇಕೆ ಮಾಂಸ, ದೊಡ್ಡ ತುಂಡುಗಳು – 750 ಗ್ರಾಂ
ಆಲೂಗಡ್ಡೆ – 1 ಕಿಲೋ
ಈರುಳ್ಳಿ – ದೊಡ್ಡದು 3
ಕ್ಯಾರೆಟ್ – 2
ಮೈದಾ – 1 ದೊಡ್ಡ ಚಮಚ
ಬೆಣ್ಣೆ – 50 ಗ್ರಾಂ
ಎಣ್ಣೆ – 2 ದೊಡ್ಡ ಚಮಚ
ಕುಟ್ಟಿದ ಕರಿಮೆಣಸು – 1 ಸಣ್ಣ ಚಮಚ
ಪಲಾವ್ ಎಲೆ – 1
ಬಿಸಿನೀರು ಅಥವಾ ಮೂಳೆ ಬೇಯಿಸಿದ ನೀರು – ಸುಮಾರು ಅರ್ಧ ಲೀಟರ್
ಉಪ್ಪು – ರುಚಿಗೆ

ಮಾಡುವ ವಿಧಾನ

ಮಾಂಸದ ಪಸೆಯನ್ನು ಬಟ್ಟೆಯಿಂದ ಒತ್ತಿ ತೆಗೆದು, ಮೈದಾ, ಉಪ್ಪು, ಮೆಣಸಿನಪುಡಿ ಸವರಿ. (ಕರಿಮೆಣಸು ಕಣ್ರೀ, ಖಾರದಪುಡಿ ಅಲ್ಲ!) ಎಣ್ಣೆ ಕಾಯಿಸಿ, ನಾಲ್ಕೈದು ತುಂಡುಗಳನ್ನಷ್ಟೇ ಒಂದು ಸಲಕ್ಕೆ ಹಾಕಿ ಕಂದುಬಣ್ಣ ಬರುವವರೆಗೆ ಹುರಿದು ತೆಗೆಯಿರಿ. ಎಲ್ಲವನ್ನೂ ಒಟ್ಟಿಗೆ ಸುರಿದರೆ ನೀರು ಬಿಟ್ಟುಕೊಂಡು ಹುರಿಯುವ ಬದಲು ಬೇಯತೊಡಗುತ್ತದೆ. ಅದೇ ಎಣ್ಣೆಯಲ್ಲಿ ಉದ್ದಕ್ಕೆ ಹೆಚ್ಚಿದ ಈರುಳ್ಳಿಯನ್ನು ಬಾಡಿಸಿ, ನೀರು ಹಾಕಿ ತಳಕ್ಕೆ ಹಿಡಿದದ್ದನ್ನೆಲ್ಲ ಕೆರೆದು ಬಿಡಿಸಿ. ಆ ಕಂದು ಸಾರವೇ ಅಡುಗೆಯ ಜೀವ.

ಆಲೂಗಡ್ಡೆಯ ಸಿಪ್ಪೆ ತೆಗೆದು ಎರಡು ರೂಪಾಯಿ ನಾಣ್ಯದ ಎರಡರಷ್ಟು ದಪ್ಪಕ್ಕೆ ಬಿಲ್ಲೆಗಳಾಗಿ ಹೆಚ್ಚಿ. ಹೆಚ್ಚಿದ್ದನ್ನು ನೀರಿನಲ್ಲಿ ನೆನೆಹಾಕಬೇಡಿ. ಸಾರನ್ನು ಮಂದಗೊಳಿಸುವ ಹಿಟ್ಟಿನಂಶ ತೊಳೆದುಹೋಗುತ್ತದೆ. ಹಸಿರು ತಿರುಗಿದ ಭಾಗವಿದ್ದರೆ ಧಾರಾಳವಾಗಿ ಕತ್ತರಿಸಿ ಬಿಸಾಡಿ, ಅದು ಹೊಟ್ಟೆಗೆ ಒಳ್ಳೆಯದಲ್ಲ.

ಅವನ್‌ಗೆ ಇಡಬಹುದಾದ ಆಳವಾದ ಪಾತ್ರೆಗೆ ಬೆಣ್ಣೆ ಸವರಿ. ತಳದಲ್ಲಿ ಆಲೂಗಡ್ಡೆಯ ಮೂರನೇ ಒಂದು ಪಾಲು, ಅದರ ಮೇಲೆ ಮಾಂಸ, ಕ್ಯಾರೆಟ್, ಈರುಳ್ಳಿಯ ಸಾರು, ಪಲಾವ್ ಎಲೆ. ಉಳಿದ ಬಿಲ್ಲೆಗಳನ್ನು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಅರ್ಧ ಬರುವ ಹಾಗೆ ಜೋಡಿಸಿ. ನೀರು ಮೇಲಿನ ಪದರಕ್ಕಿಂತ ಸ್ವಲ್ಪ ಕೆಳಗಿರಲಿ. ಮೇಲೆ ಉಪ್ಪು ಉದುರಿಸಿ, ಕರಗಿಸಿದ ಬೆಣ್ಣೆ ಸವರಿ, ಬಿಗಿಯಾಗಿ ಮುಚ್ಚಿ. 160 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ 2ರಿಂದ 2½ ಗಂಟೆ ಬೇಯಲಿ. ಆಮೇಲೆ ಮುಚ್ಚಳ ತೆಗೆದು ಕಾವನ್ನು 200 ಡಿಗ್ರಿಗೆ ಏರಿಸಿ, ಅರ್ಧ ಗಂಟೆ ಬಿಡಿ. ಮೇಲಿನ ಬಿಲ್ಲೆಗಳ ಅಂಚು ಗರಿಗರಿಯಾಗಿ ಹೊಂಬಣ್ಣಕ್ಕೆ ತಿರುಗಬೇಕು.

ಅವನ್ ಇಲ್ಲವೆ? ಬೇಸರ ಬೇಡ. ಹುರಿದ ಮಾಂಸ, ಈರುಳ್ಳಿ, ಕ್ಯಾರೆಟ್ ಎಲ್ಲವನ್ನೂ ನೀರಿನೊಂದಿಗೆ ಕುಕ್ಕರಿಗೆ ಹಾಕಿ, ಒಂದು ವಿಶಲ್ ಬಂದ ಮೇಲೆ ಉರಿ ತಗ್ಗಿಸಿ 15 ನಿಮಿಷ ಬೇಯಿಸಿ. ಬಲಿತ ಮಾಂಸವಾದರೆ ಇನ್ನು ಐದಾರು ನಿಮಿಷ ಹೆಚ್ಚು. ನಂತರ ದಪ್ಪ ತಳದ ಪಾತ್ರೆಗೆ ಬಗ್ಗಿಸಿ, ಬಿಲ್ಲೆಗಳನ್ನು ಮೇಲೆ ಜೋಡಿಸಿ ಮುಚ್ಚಿ, ಅಡಿಗೆ ಕಾವಲಿ ಇಟ್ಟು ಸಣ್ಣ ಉರಿಯಲ್ಲಿ 40 ನಿಮಿಷ ಬಿಡಿ. ಮೇಲಿನ ಪದರಕ್ಕೆ ಬೇಕಾದ ಬಿಲ್ಲೆಗಳನ್ನು ಮೊದಲೇ ಬೆಣ್ಣೆಯಲ್ಲಿ ಎರಡೂ ಕಡೆ ಕೆಂಪಗೆ ಹುರಿದಿಟ್ಟುಕೊಂಡರೆ ಬಣ್ಣಕ್ಕೂ ಕೊರತೆಯಿಲ್ಲ.

ಬ್ರಿಟನ್ನಿನ ಎಷ್ಟೋ ಮನೆಗಳಲ್ಲಿ ಇದೇ ರೀತಿ ದನದ ಮಾಂಸ ಮತ್ತು ಆಲೂಗಡ್ಡೆಯ ಕ್ಯಾಸರೋಲ್ ಮಾಡುತ್ತಾರೆ. ಕಾಲಿನ ಗಟ್ಟಿ ಮಾಂಸವಾದರೆ ಇನ್ನೂ ಒಂದು ಗಂಟೆ ಬೇಕು. ಸಸ್ಯಾಹಾರಿಗಳು ಬೇಯಿಸಿದ ಕಾಬೂಲಿ ಕಡಲೆಯನ್ನೂ ಅಣಬೆಯನ್ನೂ ಹಾಕಿ ಮಾಡಬಹುದು. ಅದಕ್ಕೆ ಆಲೂಗಡ್ಡೆ ಬೇಯುವಷ್ಟು ಹೊತ್ತು ಸಾಕು. ಅಲ್ಲಿಯವರು ಇದಕ್ಕೆ ನೆಂಚಿಕೊಳ್ಳುವುದು ವಿನೆಗರಿನಲ್ಲಿ ಹಾಕಿಟ್ಟ ಕೆಂಪು ಕೋಸು. ನಮಗೆ ನಿಂಬೆರಸ ಹಿಂಡಿದ ಈರುಳ್ಳಿಯೋ ಉಪ್ಪಿನಕಾಯಿಯೋ ಇದ್ದರಾಯಿತು. ಖಾರ ಸಾಲದೆನ್ನುವವರು ಹಸಿಮೆಣಸಿನಕಾಯಿ ಕಚ್ಚಿಕೊಳ್ಳಲಿ!

ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಡಿ. ಮಾರನೆಯ ದಿನ ಚೆನ್ನಾಗಿ ಕುದಿ ಬರುವಂತೆ ಬಿಸಿ ಮಾಡಿ ಬಡಿಸಿ, ರುಚಿ ಇನ್ನೂ ಹೆಚ್ಚು. ಕೆಲಸಕ್ಕೆ ಹೋಗುವವರು ಭಾನುವಾರ ಮಾಡಿಟ್ಟರೆ ಸೋಮವಾರ ಸಂಜೆಯ ಚಿಂತೆ ತಪ್ಪಿತು.

ನಮ್ಮ ಮನೆಯಲ್ಲಿ ಇದನ್ನು ಮೊದಲ ಸಲ ಮಾಡಿದ ದಿನ ಪಾತ್ರೆಯನ್ನು ಹಾಗೆಯೇ ತಂದು ಮೇಜಿನ ನಡುವೆ ಇಟ್ಟೆ. ಎಲ್ಲರಿಗೂ ಬಡಿಸಿದೆ. ಆಮೇಲೂ ಅಭ್ಯಾಸಬಲದಿಂದ ಸೌಟು ಹಿಡಿದು ನಿಂತೇ ಇದ್ದೆ. ಮಗಳು ತಲೆಯೆತ್ತಿ, “ಅಮ್ಮಾ, ಕೂತ್ಕೋ. ಇನ್ನೇನಿದೆ ತರೋಕೆ?” ಅಂದಳು. ನಿಜ, ಒಳಗಿನಿಂದ ತರುವುದು ಏನೂ ಇರಲಿಲ್ಲ. ಕೂತೆ. ನನ್ನ ತಟ್ಟೆಯಲ್ಲಿ ಹಬೆಯಾಡುತ್ತಿತ್ತು. ಅತ್ತೆಯವರು ಸುಮ್ಮನೆ ಆಲೂಗಡ್ಡೆಯ ಗರಿಗರಿ ಬಿಲ್ಲೆಯೊಂದನ್ನು ನನ್ನ ಕಡೆ ಸರಿಸಿದರು.

ಈ ಭಾನುವಾರ ನೀವೂ ಮಾಡಿ ನೋಡಿ. ಪಾತ್ರೆ ಮೇಜಿಗೆ ಬಂದ ಮೇಲೆ ಯಾರಾದರೂ ನೀರು ಕೇಳಿದರೆ ಏಳಬೇಡಿ. ಬೇಕಾದವರೇ ಎದ್ದು ತಂದುಕೊಳ್ಳಲಿ. ನಿಮ್ಮ ಊಟ ಆರುವುದು ಬೇಡ.